ಏರ್ ಆಂಬುಲೆನ್ಸ್ ಬಂದರೆ ಇಳಿಯುವುದೆಲ್ಲಿ?

"ಇಲ್ಲಿ ಆಗಂಗಿಲ್ರಿ, ಮುಂದಕ್ಕ ಒಯ್ರಿ."

ಸಿಂಧನೂರು, ಲಿಂಗಸುಗೂರು, ಕುಷ್ಟಗಿ, ಸಿರುಗುಪ್ಪದ ಆಸ್ಪತ್ರೆ ಪಡಸಾಲೆಗಳಲ್ಲಿ ಹಗಲು ರಾತ್ರಿ ಕಿವಿಗೆ ಬೀಳುವ ಮಾತಿದು. ಮುಂದಕ್ಕೆ ಎಂದರೆ ಎಲ್ಲಿಗೆ ಎಂಬುದು ಊರಿನ ಮೇಲಿದೆ. ಕೊಪ್ಪಳದವರಿಗೆ ಹುಬ್ಬಳ್ಳಿ, ರಾಯಚೂರಿನವರಿಗೆ ಹೈದರಾಬಾದ್, ಬಳ್ಳಾರಿಯವರಿಗೆ ಬೆಂಗಳೂರು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸಂಡೂರಿನ ಅದಿರು ಗಣಿ, ಕುಡತಿನಿ ಮತ್ತು ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿ, ಹಗಲಿರುಳು ಲಾರಿ ಓಡುವ ರಾಷ್ಟ್ರೀಯ ಹೆದ್ದಾರಿ 50 ಮತ್ತು 67, ಎಲ್ಲವೂ ಈ ಮೂರು ಜಿಲ್ಲೆಗಳಲ್ಲಿ ಮತ್ತು ಅವುಗಳ ಅಂಚಿನಲ್ಲೇ ಇವೆ. ದೊಡ್ಡ ಅಪಘಾತವಾದಾಗಲೆಲ್ಲ ಹೆಲಿಕಾಪ್ಟರ್ ಆಂಬುಲೆನ್ಸ್ ಬೇಕು ಎಂಬ ಬೇಡಿಕೆ ಏಳುತ್ತದೆ, ಎರಡು ವಾರದಲ್ಲಿ ತಣ್ಣಗಾಗುತ್ತದೆ.

ಬೇಡಿಕೆ ನ್ಯಾಯವಾದದ್ದೇ. ಆದರೆ ಜನರ ಕಣ್ಣ ಮುಂದಿರುವ ಚಿತ್ರ ಬೇರೆ: ಹೆದ್ದಾರಿಯಲ್ಲಿ ಕಾರು ಪಲ್ಟಿಯಾಗಿದೆ, ಹೆಲಿಕಾಪ್ಟರ್ ಬಂದು ಪಕ್ಕದ ಹೊಲದಲ್ಲಿ ಇಳಿದು ಗಾಯಾಳುವನ್ನು ಎತ್ತಿಕೊಂಡು ಹೋಗುತ್ತದೆ. ನಮ್ಮ ಭಾಗದಲ್ಲಿ ಅದರ ನಿಜವಾದ ಕೆಲಸ ಅದಲ್ಲ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ಹಂತಕ್ಕೆ ಸ್ಥಿರಗೊಂಡ ರೋಗಿಯನ್ನು ದೂರದ ದೊಡ್ಡ ಆಸ್ಪತ್ರೆಗೆ ಸಾಗಿಸುವುದು, ಅಂದರೆ 'ರೆಫರ್' ಆದವರನ್ನು ಒಯ್ಯುವುದು ಅದರ ಕೆಲಸ. ಅದು ಕೈಗೂಡುವುದೋ ಇಲ್ಲವೋ ಎಂಬುದನ್ನು ಹೆಲಿಕಾಪ್ಟರ್ ಎಷ್ಟು ಆಧುನಿಕ ಎಂಬುದಕ್ಕಿಂತ ಕೆಳಗೆ ನೆಲದ ಮೇಲೆ ಏನೇನು ತಯಾರಿದೆ ಎಂಬುದು ತೀರ್ಮಾನಿಸುತ್ತದೆ.

ಮೊದಲು ದೂರದ ಲೆಕ್ಕ

ರೋಗಿ ಸಿಂಧನೂರಿನಲ್ಲಿದ್ದಾನೆ, ಹೆಲಿಕಾಪ್ಟರ್ ಬಳ್ಳಾರಿಯಲ್ಲಿ ನಿಂತಿದೆ ಎಂದುಕೊಳ್ಳಿ. ನೇರ ದೂರ ಸುಮಾರು 72 ಕಿ.ಮೀ. ಆಂಬುಲೆನ್ಸ್ ಸೇವೆಗೆ ಬಳಸುವ ಎರಡು ಎಂಜಿನ್‌ಗಳ ಸಣ್ಣ ಹೆಲಿಕಾಪ್ಟರ್‌ಗಳ ಪ್ರಯಾಣದ ವೇಗ ಗಂಟೆಗೆ 230 ಕಿ.ಮೀ. ಆಸುಪಾಸು. ಹಾಗಾದರೆ 19 ನಿಮಿಷ. ಕೇಳಲು ಚೆಂದ. ಆದರೆ ಕರೆ ಬಂದು, ರೋಗಿಯ ವಿವರ ಪಡೆದು, ಹವಾಮಾನ ನೋಡಿ, ಹಾರಾಟದ ಅನುಮತಿ ಸಂಖ್ಯೆ ಪಡೆದು, ಎಂಜಿನ್ ಚಾಲೂ ಮಾಡಿ ಮೇಲೇಳುವಷ್ಟರಲ್ಲಿ 20 ನಿಮಿಷ ಆಗಿರುತ್ತದೆ. ಸಿಂಧನೂರಿನಲ್ಲಿ ಇಳಿದ ಮೇಲೆ ಹೆಲಿಕಾಪ್ಟರ್ ತಂಡ ರೋಗಿಯನ್ನು ತನ್ನ ವೆಂಟಿಲೇಟರ್‌ಗೆ, ತನ್ನ ಔಷಧಿ ಪಂಪ್‌ಗಳಿಗೆ ಬದಲಾಯಿಸಿ ಸ್ಟ್ರೆಚರ್ ಏರಿಸಲು 25 ನಿಮಿಷ. ಅದೂ ಎಲ್ಲ ಸರಿಯಿದ್ದರೆ. ವಾಪಸ್ 19. ಬಳ್ಳಾರಿಯಲ್ಲಿ ಇಳಿದ ಜಾಗದಿಂದ ಆಸ್ಪತ್ರೆಯ ಹಾಸಿಗೆಗೆ 15. ಒಟ್ಟು 98 ನಿಮಿಷ.

ರಸ್ತೆಯಲ್ಲಿ ಸಿರುಗುಪ್ಪದ ಮೇಲೆ ಹೋದರೆ ಸುಮಾರು 90 ಕಿ.ಮೀ. ಆಂಬುಲೆನ್ಸ್ ಆಸ್ಪತ್ರೆ ಬಾಗಿಲಲ್ಲೇ ನಿಂತಿದ್ದರೆ ಎರಡು ಗಂಟೆಯೊಳಗೆ ಬಳ್ಳಾರಿ ಮುಟ್ಟುತ್ತದೆ. ಉಳಿದದ್ದು ಹದಿನೈದಿಪ್ಪತ್ತು ನಿಮಿಷ. ಇಳಿಯುವ ಮೈದಾನದ ಗೇಟಿನ ಬೀಗದ ಕೈ ಸಿಗದೆ ಹೋದರೆ ಅದೂ ಇಲ್ಲ.

ಅದೇ ರೋಗಿಯನ್ನು ಬೆಂಗಳೂರಿಗೆ ಒಯ್ಯಬೇಕಾದರೆ ಲೆಕ್ಕ ತಿರುಗಿಬೀಳುತ್ತದೆ. ಸಿಂಧನೂರಿನಿಂದ ಬೆಂಗಳೂರಿಗೆ ನೇರವಾಗಿ ಸುಮಾರು 325 ಕಿ.ಮೀ, ಹಾರಲು 85 ನಿಮಿಷ. ಮೊದಲಿನ ಸಿದ್ಧತೆ, ಕೊನೆಯಲ್ಲಿ ವಿಮಾನ ನಿಲ್ದಾಣದಿಂದ ಆಸ್ಪತ್ರೆಗೆ ಬೆಂಗಳೂರು ಟ್ರಾಫಿಕ್, ಎಲ್ಲ ಸೇರಿಸಿ ಮೂರು ಗಂಟೆ ಎನ್ನೋಣ. ರಸ್ತೆಯಲ್ಲಿ ಏಳೆಂಟು ಗಂಟೆ. ಇಲ್ಲಿ ಹೆಲಿಕಾಪ್ಟರ್ ಗೆಲ್ಲುತ್ತದೆ.

ರಾಯಚೂರಿನಿಂದ ಹೈದರಾಬಾದ್ ನೇರ ದೂರ 180 ಕಿ.ಮೀ. ಒಳಗೆ, ಮುಕ್ಕಾಲು ಗಂಟೆಯ ಹಾರಾಟ. ಹೆಲಿಕಾಪ್ಟರ್‌ಗೆಂದೇ ಅಳೆದು ಮಾಡಿದಂಥ ದೂರ. ಕೊಪ್ಪಳದಿಂದ ಹುಬ್ಬಳ್ಳಿಗೆ ಹಾಗಲ್ಲ. ನೇರ ದೂರ 110 ಕಿ.ಮೀ, ನಾಲ್ಕು ಪಥದ ಹೆದ್ದಾರಿಯೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಆ ದಾರಿಗೆ ಒಳ್ಳೆಯ ವೆಂಟಿಲೇಟರ್ ಇರುವ ರಸ್ತೆ ಆಂಬುಲೆನ್ಸ್ ಒಂದು ಹೆಚ್ಚುವರಿಯಾಗಿ ನಿಂತರೆ ಹೆಲಿಕಾಪ್ಟರ್‌ಗಿಂತ ಹೆಚ್ಚು ಜೀವ ಉಳಿದೀತು. ಇನ್ನು ರಾಯಚೂರಿನಿಂದ ಬೆಂಗಳೂರು 360 ಕಿ.ಮೀ. ಅಷ್ಟು ದೂರಕ್ಕೆ ಒಳಗೆ ಗಾಳಿಯ ಒತ್ತಡ ಕಾಯ್ದುಕೊಳ್ಳುವ, ಗಂಟೆಗೆ 500 ಕಿ.ಮೀ. ಹಾರುವ ಸಣ್ಣ ವಿಮಾನವೇ ಮೇಲು. ಅದಕ್ಕೆ ರನ್‌ವೇ ಬೇಕು. ತೋರಣಗಲ್ಲಿನ ವಿದ್ಯಾನಗರದಲ್ಲಿದೆ, ಕಲಬುರಗಿಯಲ್ಲಿ 2019ರ ನವೆಂಬರ್‌ನಿಂದ ವಿಮಾನ ನಿಲ್ದಾಣ ನಡೆಯುತ್ತಿದೆ. ಮಧ್ಯಪ್ರದೇಶ ಸರ್ಕಾರ 2024ರಲ್ಲಿ ತನ್ನ ಏರ್ ಆಂಬುಲೆನ್ಸ್ ಸೇವೆ ಆರಂಭಿಸಿದಾಗ ಹೆಲಿಕಾಪ್ಟರ್ ಜೊತೆಗೆ ವಿಮಾನವನ್ನೂ ಇಟ್ಟುಕೊಂಡದ್ದು ಇದೇ ಲೆಕ್ಕದಿಂದ.

ಅಂದಾಜಿಗೆ ಹೀಗಿಟ್ಟುಕೊಳ್ಳಬಹುದು: 120 ಕಿ.ಮೀ. ಒಳಗಿದ್ದರೆ ರಸ್ತೆ, 120ರಿಂದ 250ರವರೆಗೆ ಹೆಲಿಕಾಪ್ಟರ್, ಅದರಾಚೆ ಸಾಧ್ಯವಿದ್ದರೆ ವಿಮಾನ. ನದಿ ಉಕ್ಕಿದಾಗ ಮಾತ್ರ ಈ ಲೆಕ್ಕ ಕೆಲಸಕ್ಕೆ ಬಾರದು. 2019ರ ಆಗಸ್ಟ್‌ನಲ್ಲಿ ತುಂಗಭದ್ರೆಯ ನೀರು ಬಿಟ್ಟಾಗ ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡೆಯಲ್ಲಿ ಸಿಲುಕಿದ್ದ ಪ್ರವಾಸಿಗರನ್ನು ಹೊರತರಲು ಹೆಲಿಕಾಪ್ಟರ್ ಬರಬೇಕಾಯಿತು. ಕೃಷ್ಣಾ ನದಿಯ ನಡುಗಡ್ಡೆಗಳಲ್ಲಿರುವ ರಾಯಚೂರು, ಲಿಂಗಸುಗೂರು ತಾಲ್ಲೂಕಿನ ಜನರಿಗೆ ನಾರಾಯಣಪುರದಿಂದ ನೀರು ಬಿಟ್ಟ ದಿನ ಐದು ಕಿ.ಮೀ. ದೂರದ ಆಸ್ಪತ್ರೆಯೂ ದೂರವೇ.

ನಮ್ಮ ಬಿಸಿಲು, ಎತ್ತುವ ತೂಕ

ರಾಯಚೂರು ಸಮುದ್ರಮಟ್ಟದಿಂದ 400 ಮೀಟರ್ ಎತ್ತರದಲ್ಲಿದೆ. ಆ ಎತ್ತರಕ್ಕೆ ವಾಯುಯಾನದ ಪ್ರಮಾಣಿತ ಉಷ್ಣಾಂಶ 12.4 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ 43 ಡಿಗ್ರಿ ಇದ್ದರೆ ವ್ಯತ್ಯಾಸ 30 ಡಿಗ್ರಿಗೂ ಹೆಚ್ಚು. ಗಾಳಿ ಕಾದಷ್ಟೂ ತೆಳುವಾಗುತ್ತದೆ, ಹೆಲಿಕಾಪ್ಟರ್‌ಗೆ ಅದು ಇನ್ನೂ ಎತ್ತರದ ಜಾಗವಿದ್ದಂತೆ. ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಎತ್ತರ ಸೇರಿಸುವುದು ಪೈಲಟ್‌ಗಳ ಕೈಲೆಕ್ಕ. ಊರಿನ 400 ಮೀಟರ್, ಅಂದರೆ 1,312 ಅಡಿಗೆ 3,670 ಅಡಿ ಕೂಡಿದರೆ ಸರಿಸುಮಾರು 5,000 ಅಡಿ, ಅಂದರೆ 1,500 ಮೀಟರ್. ನಂದಿ ಬೆಟ್ಟದ ತುದಿ 1,478 ಮೀಟರ್. ಮೇ ಮಧ್ಯಾಹ್ನ ರಾಯಚೂರಿನ ಮೈದಾನದಿಂದ ಏಳುವ ಹೆಲಿಕಾಪ್ಟರ್, ಪ್ರಮಾಣಿತ ಹವೆಯಲ್ಲಿ ನಂದಿ ಬೆಟ್ಟದ ನೆತ್ತಿಯಿಂದ ಏಳುವಷ್ಟು ತೆಳು ಗಾಳಿಯಲ್ಲಿ ರೆಕ್ಕೆ ಬೀಸುತ್ತಿರುತ್ತದೆ. ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ 14% ಕಡಿಮೆ. ಜನವರಿಯ ಬೆಳಗ್ಗೆ 16 ಡಿಗ್ರಿಯಲ್ಲಿ ಅದೇ ಮೈದಾನ ಅದಕ್ಕೆ ಬರೀ 530 ಮೀಟರ್.

ಪರಿಣಾಮ ತೂಕದ ಮೇಲೆ. ಇಬ್ಬರು ಪೈಲಟ್ 170 ಕಿಲೋ, ವೈದ್ಯ ಮತ್ತು ಪ್ಯಾರಾಮೆಡಿಕ್ 140, ರೋಗಿ 70, ಜೊತೆಗೊಬ್ಬ ಸಂಬಂಧಿ 65, ಸ್ಟ್ರೆಚರ್, ವೆಂಟಿಲೇಟರ್, ಮಾನಿಟರ್, ಆಮ್ಲಜನಕ ಸೇರಿ 120. ಒಟ್ಟು 565 ಕಿಲೋ. ಇಂಧನ ನಿಮಿಷಕ್ಕೆ ಸುಮಾರು 4 ಕಿಲೋ ಉರಿಯುತ್ತದೆ ಎಂದರೆ, ಬಳ್ಳಾರಿಯಿಂದ ಸಿಂಧನೂರು, ಅಲ್ಲಿಂದ ಬೆಂಗಳೂರು, ಮೇಲೆ 30 ನಿಮಿಷದ ಮೀಸಲು ಸೇರಿ 135 ನಿಮಿಷಕ್ಕೆ 540 ಕಿಲೋ. ಹೊರೆ 1,100 ಕಿಲೋ ದಾಟಿತು. ತಂಪು ಹೊತ್ತಿನಲ್ಲಿ ಇದನ್ನು ಎತ್ತುವ ಯಂತ್ರವೇ ಮಧ್ಯಾಹ್ನ ಎತ್ತಲಾರದು. ಒಂದು ಎಂಜಿನ್ ಕೈಕೊಟ್ಟರೂ ಉಳಿದ ಒಂದರಲ್ಲಿ ಮನೆಗಳ ಮೇಲೆ ಬೀಳದೆ ಪಾರಾಗಬೇಕು ಎಂಬ ಷರತ್ತು ಸೇರಿಸಿದರೆ, ಎತ್ತಬಹುದಾದ ತೂಕ ಇನ್ನೂ ಕುಗ್ಗುತ್ತದೆ.

ಆಗ ಮೊದಲು ಇಳಿಯುವವರು ಸಂಬಂಧಿ. ಇದು ಸಣ್ಣ ಮಾತಲ್ಲ. ನಮ್ಮಲ್ಲಿ ರೋಗಿಯ ಜೊತೆ ಬರುವುದು ಒಬ್ಬರಲ್ಲ. ಅಣ್ಣ, ಮಾವ, ಬಟ್ಟೆ ಚೀಲ, ಬುತ್ತಿಗಂಟು, ನೀರಿನ ಕ್ಯಾನು. 'ಇಲ್ಲರೀ ಯಜಮಾನ್ರ, ನೀವು ಬಸ್ಸಿಗೆ ಬರ್ರಿ' ಎಂದು ಹೆಲಿಪ್ಯಾಡ್‌ನಲ್ಲಿ ನಿಂತು ಹೇಳುವಂತಾಗಬಾರದು. ರೆಫರ್ ಕಾಗದ ಬರೆಯುವಾಗಲೇ, ಆಸ್ಪತ್ರೆಯಲ್ಲೇ ಹೇಳಿ, ಅವರ ಫೋನ್ ನಂಬರ್ ಬರೆದುಕೊಂಡು, ಒಪ್ಪಿಗೆಗೆ ಸಹಿ ಹಾಕಿಸಬೇಕು. ಸಂಬಂಧಿಯ ನಂತರ ಕಡಿಮೆಯಾಗುವುದು ಇಂಧನ. ಇಂಧನ ಕಡಿಮೆಯಾದರೆ ದಾರಿಯಲ್ಲಿ ಎಲ್ಲೋ ಇಳಿದು ತುಂಬಿಸಬೇಕು. ವಿಮಾನ ಇಂಧನ ಪೆಟ್ರೋಲ್ ಬಂಕಿನಲ್ಲಿ ಸಿಗುವ ವಸ್ತುವಲ್ಲ.

540 ಕಿಲೋ ಎಂದರೆ ಸುಮಾರು 675 ಲೀಟರ್, 200 ಲೀಟರಿನ ಮೂರೂವರೆ ಬ್ಯಾರೆಲ್. ಲಾರಿಯಲ್ಲಿ ಬ್ಯಾರೆಲ್ ಒಯ್ದು ಇಡುವ ಪದ್ಧತಿ ದೇಶದೆಲ್ಲೆಡೆ ಇದೆ. ಅಲ್ಲಿ ಕೆಡುವುದು ನೀರಿನಿಂದ. ಹಗಲು ಕಾದು ರಾತ್ರಿ ತಣಿಯುವ ಬ್ಯಾರೆಲಿನೊಳಗೆ ಹಬೆ ಹನಿಯಾಗಿ ತಳ ಸೇರುತ್ತದೆ. ಸೀಲ್ ಒಡೆಯದ ಬ್ಯಾರೆಲ್, ನೆರಳು, ತುಂಬುವ ಮೊದಲು ಅಲುಗಾಡಿಸದೆ ನಿಲ್ಲಿಸಿದ್ದು, ತಳದ ಒಂದಿಂಚು ಬಿಟ್ಟು ಎಳೆಯುವ ಪೈಪು, ಫಿಲ್ಟರ್, ನೀರಿದ್ದರೆ ಬಣ್ಣ ತಿರುಗುವ ಪರೀಕ್ಷಾ ಕ್ಯಾಪ್ಸೂಲ್: ಇದರಲ್ಲಿ ಒಂದು ತಪ್ಪಿದರೂ ಆ ಇಂಧನವನ್ನು ಮುಟ್ಟಬಾರದು.

ಬಿಸಿಲು ಔಷಧಿಯನ್ನೂ ಬಿಡುವುದಿಲ್ಲ. ಸ್ನಾಯು ಸಡಿಲಿಸುವ ಸಕ್ಸಮೆಥೋನಿಯಂ, ರೋಕುರೋನಿಯಂನಂಥವು 2ರಿಂದ 8 ಡಿಗ್ರಿಯಲ್ಲಿರಬೇಕು. ಬಯಲಿನಲ್ಲಿ ಅರ್ಧ ತಾಸು ನಿಂತ ಹೆಲಿಕಾಪ್ಟರಿನ ಒಳಗೆ ಕೈಯಿಟ್ಟರೆ ಸುಡುತ್ತದೆ. ಐಸ್ ಪ್ಯಾಕ್ ಇರುವ ಪೆಟ್ಟಿಗೆ ತಂಡದ ಜೊತೆ ಹೋಗಿ ಜೊತೆಗೇ ವಾಪಸ್ ಬರಬೇಕು, ಯಂತ್ರದಲ್ಲಿ ಬಿಟ್ಟು ಬರುವಂತಿಲ್ಲ.

ಎರೆ ಮಣ್ಣು, ತಂತಿ, ಜನ

ಚುನಾವಣೆ ಬಂದಾಗ ನಮ್ಮ ಊರುಗಳಲ್ಲಿ ಹೆಲಿಪ್ಯಾಡ್ ಒಂದೇ ದಿನದಲ್ಲಿ ಏಳುತ್ತದೆ. ಲೋಕೋಪಯೋಗಿ ಇಲಾಖೆಯವರು ಬರುತ್ತಾರೆ, ರೋಲರ್ ಓಡುತ್ತದೆ, ಸುಣ್ಣದಲ್ಲಿ ವೃತ್ತ ಬರೆದು ನಡುವೆ ಇಂಗ್ಲಿಷ್ ಅಕ್ಷರ ಬರೆಯುತ್ತಾರೆ, ಟ್ಯಾಂಕರ್ ನೀರು ಹೊಡೆಯುತ್ತದೆ, ಅಗ್ನಿಶಾಮಕ ವಾಹನ ನಿಲ್ಲುತ್ತದೆ. ನಾಯಕರ ಹೆಲಿಕಾಪ್ಟರ್ ಹೋದ ಮರುದಿನ ಅಲ್ಲಿ ಮತ್ತೆ ಕ್ರಿಕೆಟ್. ಕೆಲಸ ಗೊತ್ತಿಲ್ಲದ್ದೇನಲ್ಲ. ಆಂಬುಲೆನ್ಸ್‌ಗೆ ಮಾತ್ರ ಒಂದು ದಿನದ ಮುನ್ಸೂಚನೆ ಸಿಗುವುದಿಲ್ಲ.

ಜಾಗ ಎಷ್ಟು ಬೇಕು? ಎಚ್145ರಂಥ ಹೆಲಿಕಾಪ್ಟರ್ ರೆಕ್ಕೆ ತುದಿಯಿಂದ ಬಾಲದವರೆಗೆ ಸುಮಾರು 13.5 ಮೀಟರ್. ಯುರೋಪಿನ ಹೆಲಿಕಾಪ್ಟರ್ ಆಂಬುಲೆನ್ಸ್ ನಿಯಮಗಳಂತೆ ಮೊದಲೇ ಸಿದ್ಧಪಡಿಸದ ಜಾಗದಲ್ಲಿ ಹಗಲು ಇಳಿಯಲು ಅದರ ಎರಡು ಪಟ್ಟು ಉದ್ದ, ಎರಡು ಪಟ್ಟು ಅಗಲ. ರಾತ್ರಿಯಾದರೆ ನಾಲ್ಕು ಪಟ್ಟು ಉದ್ದ. ಹಗಲಿಗೆ 30 ಮೀಟರ್ ಚೌಕ, ರಾತ್ರಿಗೆ 60 ಮೀಟರ್ ಉದ್ದ, 30 ಮೀಟರ್ ಅಗಲ ಎಂದಿಟ್ಟುಕೊಂಡರೆ ಸರಿ. ತಾಲ್ಲೂಕು ಕ್ರೀಡಾಂಗಣ, ಕಾಲೇಜು ಮೈದಾನ, ಪೊಲೀಸ್ ಪರೇಡ್ ಮೈದಾನ ಎಲ್ಲವೂ ಇದಕ್ಕಿಂತ ದೊಡ್ಡವೇ. ತೊಡಕು ಜಾಗದ ಅಳತೆಯಲ್ಲಿಲ್ಲ, ಅಂಚಿನಲ್ಲಿದೆ.

ಅಂಚಿನಲ್ಲಿ ತಂತಿ. ಮೇಲಿನಿಂದ ನೋಡಿದಾಗ ಕಂಬ ಕಾಣುತ್ತದೆ, ತಂತಿ ಕಾಣುವುದಿಲ್ಲ. ಹೀಗಾಗಿ ಅನುಭವಿ ಪೈಲಟ್ ಕಂಬ ಹುಡುಕಿ, ಎರಡು ಕಂಬದ ನಡುವೆ ತಂತಿ ಇದ್ದೇ ಇದೆ ಎಂದುಕೊಂಡು ಕಂಬದ ಮೇಲೆಯೇ ದಾಟುತ್ತಾನೆ. ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಿನಲ್ಲಿ ಪಂಪ್‌ಸೆಟ್ಟಿಗೆ ಎಳೆದ 11 ಕೆ.ವಿ. ಲೈನುಗಳು ಎಲ್ಲೆಂದರಲ್ಲಿ ಇವೆ. ಶಕ್ತಿನಗರ, ಯರಮರಸ್, ಕುಡತಿನಿ ಸ್ಥಾವರಗಳಿಂದ ಹೊರಟ ದೊಡ್ಡ ಗೋಪುರಗಳ ಸಾಲು ಬೇರೆ. ಕೊಪ್ಪಳದ ಸೀಮೆಯಲ್ಲಿ ಈಗ ಗಾಳಿಯಂತ್ರಗಳೂ ಸೇರಿವೆ. ಹೆಲಿಕಾಪ್ಟರ್ ಇಳಿಯುವ ಮೊದಲು ಎತ್ತರದಲ್ಲಿ ಒಂದು ಸುತ್ತು, ತಗ್ಗಿನಲ್ಲಿ ಒಂದು ಸುತ್ತು ಹಾಕುವುದನ್ನು ನೋಡಿ 'ಜಾಗ ಸಿಗವಲ್ದು ಅಂತ ಕಾಣ್ತದ' ಎನ್ನುತ್ತಾರೆ ಜನ. ಅದು ತಂತಿ, ಗಾಳಿಯ ದಿಕ್ಕು, ಎಂಜಿನ್ ನಿಂತರೆ ಪಾರಾಗುವ ದಾರಿ ನೋಡುವ ಸುತ್ತು. ಆ ಎರಡು ನಿಮಿಷ ಉಳಿಸಲು ಹೋಗಬಾರದು.

ಕೆಳಗೆ ದೂಳು. ಮೂರು ಸಾವಿರ ಕಿಲೋಗೂ ಮಿಕ್ಕ ಯಂತ್ರವನ್ನು ಎತ್ತಿ ಹಿಡಿಯುವ ಗಾಳಿ ನೆಲಕ್ಕೆ ಬಡಿದು ನಾಲ್ಕೂ ಕಡೆ ಹರಿಯುತ್ತದೆ. ಒಣಗಿದ ಎರೆ ಮಣ್ಣು ಹಿಟ್ಟಿನಂತೆ ಏಳುತ್ತದೆ, ಸಂಡೂರಿನ ಕಡೆಯ ಕೆಂಪು ಅದಿರು ದೂಳಂತೂ ಇನ್ನೂ ನುಣುಪು. ಕೊನೆಯ ಐದು ಮೀಟರಿನಲ್ಲಿ ಪೈಲಟ್‌ಗೆ ನೆಲ ಕಾಣದಂತಾಗುತ್ತದೆ. ನೆಲ ಕಾಣದೆ ಯಂತ್ರ ಪಕ್ಕಕ್ಕೆ ಜಾರುತ್ತಿದ್ದರೂ ಗೊತ್ತಾಗುವುದಿಲ್ಲ. ಒಂದು ಕಾಲು ನೆಲಕ್ಕೆ ತಾಗಿದರೆ ಮಗುಚುತ್ತದೆ. ಎಂಜಿನ್ನಿನ ಒಳಗೆ ಹೋದ ದೂಳು ಸಂಕೋಚಕದ ಅಲಗುಗಳನ್ನು ಉಜ್ಜಿ ಸವೆಸುತ್ತದೆ. ಗಾಳಿ ಸೋಸುವ ಫಿಲ್ಟರ್ ಇಲ್ಲದ ಯಂತ್ರವನ್ನು ಈ ಸೀಮೆಗೆ ತರುವ ಟೆಂಡರ್ ಬರೆಯಲೇಬಾರದು. ಟ್ಯಾಂಕರ್ ನೀರು ಇಳಿಯುವ ಸ್ವಲ್ಪ ಮೊದಲು, ಚೌಕದ ಹೊರಗೂ ಹತ್ತು ಹದಿನೈದು ಮೀಟರ್, ನೆನೆಯುವಷ್ಟು ಬೀಳಬೇಕು. ಒಂದು ತಾಸು ಮೊದಲೇ ಹೊಡೆದರೆ ಮೇ ಬಿಸಿಲಿಗೆ ಅದು ಮತ್ತೆ ಹಿಟ್ಟು. ಅತಿಯಾದರೆ ಎರೆ ಮಣ್ಣು ಕೆಸರಾಗಿ ಸ್ಟ್ರೆಚರಿನ ಗಾಲಿ ಹೂಳುತ್ತದೆ. ಮೈದಾನದಲ್ಲಿ ಮೆಣಸಿನಕಾಯಿ ಒಣ ಹಾಕಿದ್ದರೆ, ಪಕ್ಕದಲ್ಲಿ ಬಿಗಿಯದ ತಗಡಿನ ಶೆಡ್ಡಿದ್ದರೆ, ತಾಡಪಾಲು ಬಿದ್ದಿದ್ದರೆ ಅವೆಲ್ಲ ಹಾರುವ ವಸ್ತುಗಳೇ.

ಮತ್ತೆ ಜನ. ಮೊಬೈಲ್ ಹಿಡಿದು ಓಡಿ ಬರುವವರನ್ನು ಕನಿಷ್ಠ 50 ಮೀಟರ್ ದೂರ ನಿಲ್ಲಿಸಲು ಹಗ್ಗ ಸಾಲದು, ಪೊಲೀಸರು ಬೇಕು. ಹತ್ತಿರ ಹೋಗಬೇಕಾದವರು ಪೈಲಟ್ ಕಣ್ಣಿಗೆ ಬೀಳುವ ಮುಂಭಾಗದಿಂದ, ಆತ ಕೈ ಸನ್ನೆ ಮಾಡಿದ ಮೇಲೆ, ತಲೆ ತಗ್ಗಿಸಿ ಹೋಗಬೇಕು. ಇಳಿಜಾರಿದ್ದರೆ ಎತ್ತರದ ಕಡೆಯಿಂದ ಹೋಗಲೇಬಾರದು. ಆ ಬದಿಯಲ್ಲಿ ತಿರುಗುವ ರೆಕ್ಕೆ ನೆಲಕ್ಕೆ ಹತ್ತಿರವಿರುತ್ತದೆ. ಡ್ರಿಪ್ ಸ್ಟ್ಯಾಂಡನ್ನು ತಲೆಯ ಮೇಲೆ ಎತ್ತಿ ಹಿಡಿಯುವುದು ನಮ್ಮ ವಾರ್ಡ್‌ಬಾಯ್‌ಗಳಿಗೆ ರೂಢಿ, ಇಲ್ಲಿ ಅದು ಸಾವು. ಬಾಟಲಿಯನ್ನು ರೋಗಿಯ ಕಾಲ ನಡುವೆ ಮಲಗಿಸಿ ಕೊಳವೆ ಮುಚ್ಚಬೇಕು. ಹೊದಿಸಿದ ಚಾದರವನ್ನು ಬೆಲ್ಟಿನ ಕೆಳಗೆ ಸಿಕ್ಕಿಸಬೇಕು. ತಂಡ ಹೊಸದಾಗಿದ್ದರೆ ಎಂಜಿನ್ ಪೂರ್ತಿ ನಿಲ್ಲಿಸಿಯೇ ಏರಿಸುವುದು ಒಳ್ಳೆಯದು. ಹೋಗುವ ಐದಾರು ನಿಮಿಷ ಹೋಗಲಿ.

ಒಳಗೆ ಕೂರುವವರು

ಹೆಲಿಕಾಪ್ಟರ್ ಒಳಗೆ ಸ್ಟೆತಸ್ಕೋಪ್ ಕೆಲಸಕ್ಕೆ ಬಾರದು, ಏನೂ ಕೇಳಿಸುವುದಿಲ್ಲ. ಶ್ವಾಸನಾಳದ ಕೊಳವೆ ಸರಿಯಾದ ಜಾಗದಲ್ಲಿದೆಯೇ ಎಂಬುದನ್ನು ಉಸಿರಿನ ಇಂಗಾಲದ ಡೈಆಕ್ಸೈಡ್ ತೋರಿಸುವ ಮಾನಿಟರಿನ ಗೆರೆಯಿಂದಲೇ ತಿಳಿಯಬೇಕು. ಅಲಾರಾಂ ಶಬ್ದವೂ ಕೇಳದು, ಬೆಳಕಿನ ಅಲಾರಾಂ ಬೇಕು. ಕೊಳವೆ ಜಾರಿದರೆ ಮತ್ತೆ ಹಾಕಲು ರೋಗಿಯ ತಲೆಯ ಹಿಂದೆ ಜಾಗವೇ ಇರುವುದಿಲ್ಲ. ಆದ್ದರಿಂದ ಕಟ್ಟುನಿಟ್ಟಿನ ನಿಯಮ: ದಾರಿಯಲ್ಲಿ ಬೇಕಾದೀತು ಎನ್ನಿಸುವ ಪ್ರತಿಯೊಂದನ್ನೂ ನೆಲದ ಮೇಲೆಯೇ ಮಾಡಿ ಮುಗಿಸಬೇಕು. ಉಸಿರು ಕುಸಿಯುವ ಲಕ್ಷಣವಿದ್ದರೆ ಕೊಳವೆ ಮೊದಲು, ಹಾರಾಟ ಆಮೇಲೆ. ಪಕ್ಕೆಲುಬು ಮುರಿದು ಎದೆಗೂಡಿನಲ್ಲಿ ಗಾಳಿ ಸೇರಿದ್ದರೆ ಟ್ಯೂಬ್ ಹಾಕದೆ ಹತ್ತಿಸಬಾರದು. ರಾಯಚೂರಿನಿಂದ ಸಾವಿರ ಮೀಟರ್ ಮೇಲೇರಿದರೆ ಸಿಕ್ಕಿಬಿದ್ದ ಗಾಳಿ ಸುಮಾರು 13% ಹಿಗ್ಗುತ್ತದೆ. ನೆಲದ ಮೇಲೆ ತಡೆದುಕೊಂಡಿದ್ದ ಶ್ವಾಸಕೋಶಕ್ಕೆ ಅಷ್ಟು ಸಾಕು. ಕೊಳವೆಯ ಬಲೂನಿನ ಒತ್ತಡವನ್ನೂ ಮೇಲೇರಿದ ಮೇಲೆ, ಇಳಿದ ಮೇಲೆ ಅಳೆದು 20ರಿಂದ 30 ಸೆಂ.ಮೀ. ನೀರಿನ ಒತ್ತಡಕ್ಕೆ ತರಬೇಕು.

ಆಮ್ಲಜನಕದ ಲೆಕ್ಕ ಸರಳ, ತಪ್ಪುವುದೂ ಅಲ್ಲೇ. ನಿಮಿಷಕ್ಕೆ 10 ಲೀಟರ್, ಹಾರಾಟ 85 ನಿಮಿಷ, ಎರಡೂ ತುದಿಯಲ್ಲಿ ಹಸ್ತಾಂತರಕ್ಕೆ 40 ನಿಮಿಷ: 1,250 ಲೀಟರ್. ಅರ್ಧದಷ್ಟು ಹೆಚ್ಚುವರಿ ಸೇರಿಸಿದರೆ 1,900ರ ಹತ್ತಿರ. ಆಸ್ಪತ್ರೆಗಳಲ್ಲಿ ಕಾಣುವ ಬಿ ಟೈಪ್ ಸಿಲಿಂಡರ್ ತುಂಬಿದ್ದರೆ 1,500 ಲೀಟರ್. ಒಂದು ಸಾಲದು. ಜೋಡಿಸುವ ತುದಿ ತಾಲ್ಲೂಕು ಆಸ್ಪತ್ರೆಯದ್ದಕ್ಕೂ ಹೆಲಿಕಾಪ್ಟರಿನದ್ದಕ್ಕೂ ಹೊಂದದೆ ಮೈದಾನದಲ್ಲಿ ಕೈಯಿಂದ ಉಸಿರು ಕೊಡುವ ಅಂಬು ಬ್ಯಾಗ್ ಒತ್ತುತ್ತ ನಿಲ್ಲುವುದು ತಪ್ಪಬೇಕಾದರೆ ಅಡಾಪ್ಟರ್ ಕಿಟ್ ಒಂದು ಬ್ಯಾಗಿನಲ್ಲಿ ಖಾಯಂ ಇರಬೇಕು.

ವೈದ್ಯರು ಯಾರು? ಅರಿವಳಿಕೆ ಅಥವಾ ತುರ್ತು ಚಿಕಿತ್ಸಾ ತಜ್ಞರು. ಜಿಲ್ಲಾ ಆಸ್ಪತ್ರೆಯ ಡ್ಯೂಟಿ ಡಾಕ್ಟರನ್ನು ಕರೆ ಬಂದಾಗ ಎಳೆದುಕೊಂಡು ಹೋಗುವ ವ್ಯವಸ್ಥೆ ಮೂರು ತಿಂಗಳಿಗಿಂತ ಹೆಚ್ಚು ನಡೆಯದು. ಅಲ್ಲಿ ಸಿಸೇರಿಯನ್ ನಿಲ್ಲುತ್ತದೆ. ಹಗಲು 12 ಗಂಟೆ, ವಾರದ ಏಳೂ ದಿನ ಸೇವೆ ಎಂದರೆ ಪ್ರತಿ ಆಸನಕ್ಕೂ ಎರಡೂವರೆಯಿಂದ ಮೂರು ಜನ ಬೇಕು. ಇಬ್ಬರು ಪೈಲಟ್‌ಗೆ ಐದಾರು ಮಂದಿ, ವೈದ್ಯರು ಮೂವರು, ಪ್ಯಾರಾಮೆಡಿಕ್ ಮೂವರು, ಎಂಜಿನಿಯರ್ ಇಬ್ಬರು. ಒಂದು ಹೆಲಿಕಾಪ್ಟರಿನ ಹಿಂದೆ ಹೀಗೆ ಹದಿಮೂರು ಹದಿನಾಲ್ಕು ಜನರ ಸಂಬಳ.

ತಂಡದ ಒಂದು ಪದ್ಧತಿ ಹೊರಗಿನವರಿಗೆ ವಿಚಿತ್ರ ಕಾಣುತ್ತದೆ. ಹಾರಬಹುದೇ ಬೇಡವೇ ಎಂದು ತೀರ್ಮಾನಿಸುವ ತನಕ ಪೈಲಟ್‌ಗೆ ರೋಗಿಯ ವಿಷಯ ಹೇಳುವುದಿಲ್ಲ. ಎಲ್ಲಿಂದ ಎಲ್ಲಿಗೆ, ಎಷ್ಟು ತೂಕ, ಅಷ್ಟೇ. ಎರಡು ವರ್ಷದ ಮಗು ಎಂದು ಗೊತ್ತಾದರೆ ಮೋಡ ಇದ್ದದ್ದಕ್ಕಿಂತ ತೆಳುವಾಗಿ ಕಂಡುಬಿಡುತ್ತದೆ. ಹೋಗಲು ತಂಡದ ಎಲ್ಲರೂ ಹೂಂ ಎನ್ನಬೇಕು. ಬೇಡವೆನ್ನಲು ಒಬ್ಬರು ಸಾಕು, ಕಾರಣ ಕೇಳುವಂತಿಲ್ಲ. ಶಾಸಕರ ಕಚೇರಿಯಿಂದ ಫೋನ್ ಬಂದಾಗಲೂ ಈ ನಿಯಮ ನಿಲ್ಲುವುದೇ ಎಂಬುದರ ಮೇಲೆ ಸೇವೆಯ ಆಯಸ್ಸು ನಿಂತಿದೆ. ಋಷಿಕೇಶದ ಏಮ್ಸ್‌ನಿಂದ 2024ರ ಅಕ್ಟೋಬರ್‌ನಲ್ಲಿ ಶುರುವಾದ ಹೆಲಿಕಾಪ್ಟರ್ ಆಂಬುಲೆನ್ಸ್ 2025ರ ಮೇ 17ರಂದು ಕೇದಾರನಾಥದಲ್ಲಿ ಇಳಿಯುವಾಗ ಬಾಲ ಮುರಿದುಕೊಂಡಿತು. ಒಳಗಿದ್ದವರು ಬದುಕಿಕೊಂಡರು. ಬೆಟ್ಟ ನಮ್ಮಲ್ಲಿಲ್ಲ, ಆದರೆ ಇಳಿಯುವ ಆ ಕೊನೆಯ ನಿಮಿಷ ಎಲ್ಲ ಕಡೆಯೂ ಒಂದೇ.

ಯಾರನ್ನು ಒಯ್ಯಬೇಕು, ಯಾರನ್ನು ಬಿಡಬೇಕು

ಹೃದಯಾಘಾತ ಎಂದ ಕೂಡಲೇ ಹೆಲಿಕಾಪ್ಟರ್ ನೆನಪಾಗುತ್ತದೆ. ಆದರೆ ರಕ್ತನಾಳ ತೆರೆಯುವ ಆಂಜಿಯೋಪ್ಲಾಸ್ಟಿ ಎರಡು ಗಂಟೆಯೊಳಗೆ ಸಿಗುವಂತಿಲ್ಲ ಎಂದರೆ ಹೆಪ್ಪು ಕರಗಿಸುವ ಚುಚ್ಚುಮದ್ದು ಮೊದಲು ಕೊಡಬೇಕು. ರಾಜ್ಯ ಸರ್ಕಾರ 2023ರಲ್ಲಿ ತಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಟೆನೆಕ್ಟಿಪ್ಲೇಸ್ ಎಂಬ ಅಂಥ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಗೇ ಬಂದಿದೆ. ಆ ಚುಚ್ಚುಮದ್ದು ಬಿಟ್ಟು ಹೆಲಿಕಾಪ್ಟರ್‌ಗೆ ಕಾಯುವುದು ಹೃದಯದ ಮಾಂಸಖಂಡವನ್ನು ಕೈಯಾರೆ ಕಳೆದುಕೊಂಡಂತೆ. ಹಾವು ಕಡಿದವರಿಗೂ ಅಷ್ಟೇ: ಪ್ರತಿವಿಷದ ಮೊದಲ 8ರಿಂದ 10 ವಯಲ್ ಇದ್ದಲ್ಲೇ ಹೋಗಬೇಕು.

ಕ್ರಿಮಿನಾಶಕ ಕುಡಿದವರದ್ದು ನಮ್ಮ ಹತ್ತಿ, ಭತ್ತದ ಸೀಮೆಯ ನಿತ್ಯದ ಗೋಳು. ಆರ್ಗನೋಫಾಸ್ಫೇಟ್ ವಿಷಕ್ಕೆ ಬೇಕಾದದ್ದು ಅಟ್ರೋಪಿನ್ ಮತ್ತು ಎಷ್ಟೋ ದಿನಗಳ ವೆಂಟಿಲೇಟರ್. ಅದು ಹತ್ತಿರದ ಐಸಿಯುನಲ್ಲೇ ಆಗುವ ಕೆಲಸ. ಇನ್ನೊಂದು ಅಪಾಯವನ್ನು ಹೆಚ್ಚಿನವರು ಯೋಚಿಸುವುದಿಲ್ಲ. ವಾಂತಿ, ಬಟ್ಟೆ, ಕೂದಲಿನಿಂದ ಏಳುವ ವಿಷದ ಆವಿ ಮುಚ್ಚಿದ ಕ್ಯಾಬಿನ್ನಿನಲ್ಲಿ ಪೈಲಟ್ ಮೂಗಿಗೂ ಹೋಗುತ್ತದೆ. ಕಣ್ಣಿನ ಪಾಪೆ ಕಿರಿದಾಗಿ ದೃಷ್ಟಿ ಮಂಜಾದ ಪೈಲಟ್ ಯಾರಿಗೂ ಬೇಡ. ಬಟ್ಟೆ ಪೂರ್ತಿ ತೆಗೆದು, ಸೋಪು ನೀರಿನಲ್ಲಿ ತೊಳೆಯದೆ ಅಂಥ ರೋಗಿಯನ್ನು ಹತ್ತಿಸುವಂತಿಲ್ಲ.

ಹೆಲಿಕಾಪ್ಟರಿಗೆ ನಿಜಕ್ಕೂ ತಕ್ಕವರು ಸುಟ್ಟಗಾಯದವರು. ಕಾರ್ಖಾನೆಯ ಕುಲುಮೆ, ಬಾಯ್ಲರ್ ಅವಘಡಗಳಲ್ಲಿ ಮೊದಲ ಕೆಲವು ಗಂಟೆ ರೋಗಿ ಮಾತಾಡುತ್ತಿರುತ್ತಾನೆ, ಆಮೇಲೆ ಕುಸಿಯುತ್ತಾನೆ. ಆ ಅವಧಿಯಲ್ಲೇ ಸಾಗಿಸಬೇಕು. 60 ಕಿಲೋ ತೂಕ, 40% ಸುಟ್ಟಿದ್ದರೆ ಪಾರ್ಕ್‌ಲ್ಯಾಂಡ್ ಸೂತ್ರದಂತೆ 24 ಗಂಟೆಗೆ 9,600 ಮಿ.ಲೀ. ದ್ರವ, ಅರ್ಧ ಮೊದಲ ಎಂಟು ಗಂಟೆಗೆ, ಅಂದರೆ ಗಂಟೆಗೆ 600 ಮಿ.ಲೀ. ಬಳ್ಳಾರಿಯಿಂದ ಬೆಂಗಳೂರಿಗೆ 250 ಕಿ.ಮೀ, ಒಂದು ಗಂಟೆ ಐದು ನಿಮಿಷ. ದಾರಿಗೆ ಒಂದು ಲೀಟರಿನ ಎರಡು ಚೀಲ ಸಾಕು. ಬೆನ್ನುಹುರಿ ಗಾಯ, ಬೆಂಗಳೂರಿನ ಶಸ್ತ್ರಚಿಕಿತ್ಸೆಗೆ ಹೋಗಬೇಕಾದ ನವಜಾತ ಶಿಶು, ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಆಸ್ಪತ್ರೆಯ ಕೈ ಮೀರಿದ ತಲೆಯ ಗಾಯ, ಇವೂ ಪಟ್ಟಿಯಲ್ಲಿ ಬರುತ್ತವೆ. ಹೃದಯ ನಿಂತು ಎದೆ ಒತ್ತಬೇಕಾದ ಸ್ಥಿತಿಯಲ್ಲಿರುವವರನ್ನು ಹತ್ತಿಸುವುದಿಲ್ಲ. ಸಂಬಂಧಿಕರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು.

ಇದನ್ನೆಲ್ಲ ತೀರ್ಮಾನಿಸುವ ಒಂದೇ ಮೇಜು ಇರಬೇಕು. 108 ಸೇವೆ ರಾಜ್ಯದಲ್ಲಿ 2008ರ ನವೆಂಬರ್‌ನಿಂದ ಇದೆ. ಅದರ ಕರೆ ಕೇಂದ್ರದಲ್ಲೇ ಒಬ್ಬ ವೈದ್ಯ ಕೂತು ಎರಡು ಪ್ರಶ್ನೆ ಕೇಳಬೇಕು. ರಸ್ತೆಗಿಂತ ಒಂದು ಗಂಟೆಯಾದರೂ ಉಳಿಯುತ್ತದೆಯೇ? ಹೋಗುವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇದೆ ಎಂದು ಯಾರ ಹೆಸರಿನಲ್ಲಿ ದೃಢಪಟ್ಟಿದೆ? ಎರಡನೆಯದಕ್ಕೆ ಉತ್ತರವಿಲ್ಲದೆ ಹೊರಟ ಹೆಲಿಕಾಪ್ಟರ್, ರೋಗಿಯನ್ನು ಬೆಂಗಳೂರಿನ ಕ್ಯಾಶುವಾಲಿಟಿಯ ಕಾರಿಡಾರಿಗೆ ಬೇಗ ತಲುಪಿಸುತ್ತದೆ, ಅಷ್ಟೇ.

ಕತ್ತಲಾದ ಮೇಲೆ

ಕಣ್ಣಿನ ಆಧಾರದ ಹಾರಾಟಕ್ಕೆ ನಮ್ಮ ದೇಶದ ನಿಯಮದಲ್ಲಿ ಗಡುವಿದೆ: ಸೂರ್ಯಾಸ್ತವಾಗಿ 20 ನಿಮಿಷದ ನಂತರ ಇಲ್ಲ, ಸೂರ್ಯೋದಯಕ್ಕೆ 20 ನಿಮಿಷ ಮೊದಲಿನ ತನಕ ಇಲ್ಲ. ಹೆದ್ದಾರಿಯ ಅಪಘಾತಗಳಲ್ಲಿ ದೊಡ್ಡ ಪಾಲು ಇದೇ ಹೊತ್ತಿನವು. ರಾತ್ರಿ ಹಾರಲು ಉಪಕರಣಗಳ ಆಧಾರದಲ್ಲಿ ಹಾರುವ ಎರಡು ಎಂಜಿನ್ ಯಂತ್ರ, ಅದಕ್ಕೆ ತರಬೇತಾದ ಇಬ್ಬರು ಪೈಲಟ್, ದೀಪವಿರುವ ಹೆಲಿಪ್ಯಾಡ್ ಬೇಕು. ಖರ್ಚು ಹೆಚ್ಚುಕಡಿಮೆ ಇಮ್ಮಡಿ. ಮೊದಲ ಎರಡು ವರ್ಷ ಹಗಲು ಮಾತ್ರ ಎಂದು ಪ್ರಾಮಾಣಿಕವಾಗಿ ಹೇಳಿ ಶುರು ಮಾಡುವುದೇ ಸರಿ. ರಾತ್ರಿ ಬಂದ ರೋಗಿಯನ್ನು ಬೆಳಕು ಹರಿಯುವ ತನಕ ಉಳಿಸಿಕೊಳ್ಳುವ ಐಸಿಯು ಜಿಲ್ಲಾ ಆಸ್ಪತ್ರೆಯಲ್ಲಿದ್ದರೆ ಬೆಳಗ್ಗೆ ಆರಕ್ಕೆ ಒಯ್ಯಬಹುದು. ಆ ತಂಪು ಹೊತ್ತಿನಲ್ಲಿ ಯಂತ್ರ ಹೆಚ್ಚು ತೂಕವನ್ನೂ ಎತ್ತುತ್ತದೆ, ಸಂಬಂಧಿಗೂ ಜಾಗ ಸಿಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಮಾತ್ರ ಬೆಂಗಳೂರಿನ ಬೆಳಗಿನ ಮಂಜನ್ನು ಕೇಳಿಕೊಂಡು ಹೊರಡಬೇಕು.

ಹಣದ ಮಾತು. ಇಂಥ ಸೇವೆಯನ್ನು ಸರ್ಕಾರಗಳು ಸಾಮಾನ್ಯವಾಗಿ ಬಾಡಿಗೆಗೆ ಪಡೆಯುತ್ತವೆ: ತಿಂಗಳಿಗೆ ಇಷ್ಟು ಗಂಟೆ ಹಾರಾಟ ಖಾತ್ರಿ, ಅದರ ಮೇಲೆ ಗಂಟೆಗೆ ಇಷ್ಟು. ಹಾರದಿದ್ದರೂ ಖಾತ್ರಿ ಗಂಟೆಗಳ ಹಣ ಹೋಗುತ್ತದೆ. ಹೀಗಾಗಿ ಗಂಟೆ ತುಂಬಿಸಲು ಗಣ್ಯರ ಪ್ರವಾಸಕ್ಕೆ ಬಳಸುವ ಆಸೆ ಹುಟ್ಟುತ್ತದೆ. ಸ್ಟ್ರೆಚರ್ ಬಿಚ್ಚಿ ಸೀಟು ಹಾಕಿದ ಯಂತ್ರ ಕರೆ ಬಂದಾಗ ಬೇರೆ ಜಿಲ್ಲೆಯಲ್ಲಿರುತ್ತದೆ. ಒಳಗಿನ ವೈದ್ಯಕೀಯ ಜೋಡಣೆಯನ್ನು ಬಿಚ್ಚುವಂತಿಲ್ಲ ಎಂಬ ಷರತ್ತು, ತಪಾಸಣೆಗೆ ನಿಂತ ದಿನ ಬದಲಿ ಯಂತ್ರ ಕೊಡಬೇಕೆಂಬ ಷರತ್ತು, ಇವೆರಡು ಟೆಂಡರಿನ ಮೊದಲ ಪುಟದಲ್ಲಿರಬೇಕು. ಹಣದ ಮೂಲ ಇಲ್ಲವೆಂದಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಬಳ್ಳಾರಿಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. ಆರೋಗ್ಯ ಅದರ ಆದ್ಯತೆಯ ಬಾಬತ್ತು.

ಹೆಲಿಕಾಪ್ಟರ್ ಬರುವ ಮೊದಲೇ ಮಾಡಬಹುದಾದ, ಕಡಿಮೆ ಖರ್ಚಿನ ಕೆಲಸ ಒಂದಿದೆ. ಪ್ರತಿ ತಾಲ್ಲೂಕು ಆಸ್ಪತ್ರೆಯಿಂದ ಐದು ನಿಮಿಷದ ಒಳಗಿನ ಒಂದು ಮೈದಾನ ಗುರುತಿಸಿ, ಅದರ ಅಕ್ಷಾಂಶ ರೇಖಾಂಶ, ನಾಲ್ಕೂ ಬದಿಯ ಕಂಬ ತಂತಿಗಳ ಎತ್ತರ, ಟ್ಯಾಂಕರ್ ಎಲ್ಲಿಂದ ಬರುತ್ತದೆ, ಠಾಣೆಯ ನಂಬರ್ ಯಾವುದು, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದಿಡುವುದು. ಆರು ತಿಂಗಳಿಗೊಮ್ಮೆ ಮತ್ತೆ ನೋಡುವುದು, ಏಕೆಂದರೆ ಕಳೆದ ಸಲ ಇಲ್ಲದ ಮೊಬೈಲ್ ಟವರ್ ಈ ಸಲ ಎದ್ದಿರುತ್ತದೆ. ಗೇಟಿನ ಬೀಗದ ಕೈ ಎರಡು ಮಾಡಿಸಿ, ಒಂದನ್ನು ಆಸ್ಪತ್ರೆಯ ಕ್ಯಾಶುವಾಲಿಟಿಯಲ್ಲಿ, ನರ್ಸ್ ಕೂರುವ ಮೇಜಿನ ಮೇಲಿನ ಮೊಳೆಗೆ ನೇತುಹಾಕುವುದು.